ಊರು ಬಿಟ್ಟ ತಂಡ, ಉಳಿದ ಕಾರ್ಡುಗಳು

1981ರಲ್ಲಿ ಅಮೆರಿಕದ ಟಾಪ್ಸ್ ಕಂಪನಿ ಹೊರತಂದ ಬೇಸ್‌ಬಾಲ್ ಕಾರ್ಡುಗಳ ಪೈಕಿ 479ನೆಯದರ ಮೇಲೆ ಮೂರು ಮುಖಗಳಿವೆ. ಮೂವರೂ ಕೆನಡಾದ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡದ ಹೊಸಬರು: ಟಿಮ್ ರೇನ್ಸ್, ರಾಬರ್ಟೊ ರಾಮೋಸ್, ಬಾಬಿ ಪೇಟ್. ಮುಂದೆ ತಾರೆಗಳಾಗಲಿರುವವರು ಎಂಬ ಅರ್ಥದ ತಲೆಬರಹ ಮೂವರಿಗೂ ಸೇರಿದ್ದು. ರೇನ್ಸ್ ಅದೇ ವರ್ಷ 88 ಪಂದ್ಯಗಳಲ್ಲಿ 71 ಬೇಸ್ ಕದ್ದರು. ಅಂದರೆ ಪಿಚರ್ ಚೆಂಡೆಸೆಯುವ ಗಳಿಗೆಯಲ್ಲಿ ಕಣ್ತಪ್ಪಿಸಿ ಓಡಿ, 71 ಸಲ ಮುಂದಿನ ಬೇಸನ್ನು ದಕ್ಕಿಸಿಕೊಂಡರು. 2017ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ರಾಮೋಸ್ ಕ್ಯಾಚರ್. ಗ್ಯಾರಿ ಕಾರ್ಟರ್ ಅವರಂಥ ಕ್ಯಾಚರ್ ಇದ್ದ ತಂಡದಲ್ಲಿ ಎರಡನೆಯ ಕ್ಯಾಚರ್ ಆಗಿರುವುದೆಂದರೆ ವರ್ಷವಿಡೀ ಬೆಂಚು ಕಾಯುವ ಕೆಲಸ. ಪೇಟ್ ಎರಡು ಋತುಗಳಲ್ಲಿ ಒಂದಿಷ್ಟು ಪಂದ್ಯ ಆಡಿ ಮರೆಯಾದರು.

ಇಂದು ಮಾರುಕಟ್ಟೆಯಲ್ಲಿ ಆ ಕಾರ್ಡಿಗಿರುವ ಹೆಸರು ‘ರೇನ್ಸ್ ರೂಕಿ ಕಾರ್ಡ್’, ಅಂದರೆ ರೇನ್ಸ್ ಹೊಸಬನಾಗಿದ್ದಾಗಿನ ಕಾರ್ಡು. ಉಳಿದಿಬ್ಬರು ಬೆಲೆಯಲ್ಲಿ ಪಾಲಿಲ್ಲದೆ ಪಕ್ಕದಲ್ಲಿ ನಿಂತವರು, ಅಷ್ಟೆ. ಆದರೆ ಕಾರ್ಡು ಅಚ್ಚಾದ ಹೊತ್ತಿಗೆ ಯಾರು ಮೇಲೇರುತ್ತಾರೆ, ಯಾರು ಜಾರುತ್ತಾರೆ ಎಂಬುದು ಅಚ್ಚು ಹಾಕಿದವರಿಗೂ ಗೊತ್ತಿರಲಿಲ್ಲ, ಕಾರ್ಡಿನ ಜತೆ ಬರುತ್ತಿದ್ದ ಗಮ್ಮಿನ ಆಸೆಗೆ ಪೊಟ್ಟಣ ಹರಿದ ಹುಡುಗನಿಗೂ ಗೊತ್ತಿರಲಿಲ್ಲ. ಮುಂದಿನದು ಗೊತ್ತಿಲ್ಲದೆ ಅಚ್ಚಾಗಿರುವುದೇ ಕಾರ್ಡಿನ ನಿಜವಾದ ಆಸ್ತಿ ಎಂದು ನಾನು ತಿಳಿದಿದ್ದೇನೆ. ಮೆಚ್ಚಿನ ತಂಡವೊಂದನ್ನು ಅದರ ಕಾರ್ಡುಗಳ ಮೂಲಕವೇ ವರ್ಷದಿಂದ ವರ್ಷಕ್ಕೆ, ಒಬ್ಬರನ್ನೂ ಬಿಡದೆ ಹಿಂಬಾಲಿಸುವ ಮಂದಿ ಈ ಆಸ್ತಿಯನ್ನು ಕಾಪಾಡುತ್ತಾರೆ. ಬೆಲೆಯ ಬೆನ್ನು ಹತ್ತಿದವರ ಕೈಯಲ್ಲಿ ಅದು ಉಳಿಯುವುದಿಲ್ಲ. ತಂಡಕ್ಕೆ ತಂಡವೇ ಊರು ಬಿಟ್ಟುಹೋದ ಎಕ್ಸ್‌ಪೋಸ್ ಪ್ರಕರಣದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಹಾಗೆಂದು ಈ ಕಾರ್ಡುಗಳು ಆಟದ ಪ್ರೀತಿಯಿಂದ ಹುಟ್ಟಿದವೇನಲ್ಲ. 1880ರ ದಶಕದಲ್ಲಿ ಸಿಗರೇಟು ಪ್ಯಾಕು ನಲುಗದಿರಲೆಂದು ಒಳಗಿಡುತ್ತಿದ್ದ ರಟ್ಟಿನ ತುಂಡಿನ ಮೇಲೆ ಆಟಗಾರರ ಚಿತ್ರ ಬಂತು. ಆಮೇಲೆ ತಂಬಾಕಿನ ಜಾಗಕ್ಕೆ ಗಮ್ ಬಂತು. 1952ರಲ್ಲಿ ಟಾಪ್ಸ್‌ನ ಸೈ ಬರ್ಗರ್ 407 ಕಾರ್ಡುಗಳ ಸೆಟ್ ರೂಪಿಸಿದರು: ಮುಂದೆ ಬಣ್ಣದ ಚಿತ್ರ, ಸಹಿ, ತಂಡದ ಲಾಂಛನ, ಹಿಂದೆ ಆಟಗಾರನ ಅಂಕಿಅಂಶ. ಸ್ವಲ್ಪ ಹೆಚ್ಚುಕಡಿಮೆ ಅದೇ ಮಾದರಿ ಇವತ್ತಿಗೂ ನಡೆಯುತ್ತಿದೆ. ಆ ಸೆಟ್‌ನ ಕೊನೆಯ ಕಂತು ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯುತ್ತಿತ್ತು. ಯಾರೂ ಕೊಳ್ಳದಿದ್ದಾಗ 1960ರಲ್ಲಿ ಬರ್ಗರ್ ಅವನ್ನು ದೋಣಿಗೆ ಹೇರಿಸಿ, ನ್ಯೂಜೆರ್ಸಿ ಕರಾವಳಿಯಾಚೆ ಅಟ್ಲಾಂಟಿಕ್‌ಗೆ ಸುರಿಸಿದರು. ಅದೇ ಕಂತಿಗೆ ಸೇರಿದ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಕೊಳ್ಳುವವರಿಲ್ಲದೆ ನೀರುಪಾಲಾದದ್ದರಿಂದಲೇ ಉಳಿದವಕ್ಕೆ ಈ ಬೆಲೆ.

ಆ ಹರಾಜಿಗೂ ಬಹಳ ಮೊದಲೇ, ಹಳೆಯ ಕಾರ್ಡುಗಳ ಬೆಲೆ ಏರುತ್ತಿರುವ ಸುದ್ದಿ ಕೇಳಿದ ಮೇಲೆ ಅಮೆರಿಕದ ಅಟ್ಟ, ಗ್ಯಾರೇಜುಗಳೆಲ್ಲ ಭಂಡಾರಗಳಂತೆ ಕಂಡವು. 1980ರ ದಶಕದ ಕೊನೆಗೆ ಜನ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು, ಬಿಚ್ಚದೆ ಎತ್ತಿಟ್ಟರು. ಕಂಪನಿಗಳೂ ಕೇಳಿದಷ್ಟು ಅಚ್ಚು ಹಾಕಿದವು. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದು ಹೇಗೆ? ಆ ಕಾಲದ ಬಹುತೇಕ ಕಾರ್ಡುಗಳಿಗೆ ಇಂದು ಅಂಚೆ ಖರ್ಚಿನಷ್ಟೂ ಬೆಲೆಯಿಲ್ಲ. ಮಕ್ಕಳ ಕಾಲೇಜು ಫೀಸಿಗೆಂದು ಎತ್ತಿಟ್ಟವರ ಬಗ್ಗೆ ನನಗೆ ಕನಿಕರವಿದೆ. ಆದರೆ ಅವರು ಕಳೆದುಕೊಂಡದ್ದು ದುಡ್ಡು. ಕಾರ್ಡನ್ನು ಅವರು ನೋಡಿಯೇ ಇರಲಿಲ್ಲ.

ಬೆಲೆ ಕಟ್ಟುವವರು ಕಾರ್ಡನ್ನು ಹಿಂದುಮುಂದಾಗಿ ಓದುತ್ತಾರೆ ಎನ್ನಬಹುದು. ಮೊದಲು ಹಾಲ್ ಆಫ್ ಫೇಮ್ ಪಟ್ಟಿ, ಅಲ್ಲಿಂದ ಹಿಂದಕ್ಕೆ ನಡೆದು ಆ ಆಟಗಾರನ ಮೊದಲ ಕಾರ್ಡು. 1977ರ ಟಾಪ್ಸ್ ಸೆಟ್‌ನಲ್ಲಿ ಎಕ್ಸ್‌ಪೋಸ್‌ನ ಆಂಡ್ರೆ ಡಾಸನ್ ಅವರ ಮೊದಲ ಕಾರ್ಡಿದೆ. ಅದರಲ್ಲಿ ನಾಲ್ವರು ಹೊಸ ಔಟ್‌ಫೀಲ್ಡರುಗಳು, ನಾಲ್ವರೂ ಬೇರೆ ಬೇರೆ ತಂಡದವರು. ಬೆಲೆಯ ಕಣ್ಣಿಗೆ ಅದು ಡಾಸನ್ ಕಾರ್ಡು. ತಂಡ ಹಿಂಬಾಲಿಸುವವರ ಲೆಕ್ಕದಲ್ಲಿ ಅದು ನಾಲ್ಕು ಊರಿನ ಆಲ್ಬಮ್ಮುಗಳಿಗೆ ಸೇರಬೇಕಾದ ಕಾರ್ಡು. ಓಕ್ಲೆಂಡ್ ತಂಡದ ಅಭಿಮಾನಿ ಅದನ್ನು ಡೆನ್ನಿ ವಾಲಿಂಗ್‌ಗಾಗಿ ಹುಡುಕುತ್ತಾನೆ. ಡಾಸನ್‌ರಿಂದಾಗಿ ಅದಕ್ಕೆ ಹೆಚ್ಚು ದುಡ್ಡು ತೆರಬೇಕಾಗಿ ಬಂದದ್ದಕ್ಕೆ ಗೊಣಗುತ್ತಾನೆ. ಈ ಗೊಣಗಾಟದಲ್ಲಿ ನನಗೆ ಒಂದು ಆರೋಗ್ಯವಂತ ದೃಷ್ಟಿ ಕಾಣುತ್ತದೆ.

ತಂಡವನ್ನು ಹಿಂಬಾಲಿಸುವುದೆಂದರೆ ತಾರೆಯರ ಜೊತೆಗೆ ಕಾರ್ಡು ಮಂದಿ ‘ಕಾಮನ್’ ಎಂದು ಕರೆಯುವ ಸಾಮಾನ್ಯರನ್ನೂ ಕೂಡಿಸುವುದು. ಏಳನೇ ಇನಿಂಗ್ಸ್‌ನಲ್ಲಿ ಒಬ್ಬ ಬ್ಯಾಟರ್‌ಗೆ ಮಾತ್ರ ಚೆಂಡೆಸೆದು ಹೋಗುತ್ತಿದ್ದ ಪಿಚರ್, ಗಾಯಾಳುವಿನ ಬದಲಿಗೆ ಮೂರು ವಾರ ಬಂದವನು, ಮೀಸೆಯ ಮ್ಯಾನೇಜರ್, ಎಲ್ಲರಿಗೂ ಬೈಂಡರ್‌ನ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದೇ ಅಳತೆಯ ಕಿಸೆ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. 1957ರಿಂದ ಈ ಅಳತೆ ಬದಲಾಗಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಎಲ್ಲ ಆಟಗಾರರ ಎಲ್ಲ ಅಂಕಿಅಂಶಗಳೂ ಇಂದು ಫೋನಿನಲ್ಲಿ ಸಿಗುತ್ತವೆ. ಬಾಬಿ ಪೇಟ್ ಎಷ್ಟು ಸಲ ಬ್ಯಾಟ್ ಮಾಡಿದರು ಎಂಬುದು ತಿಳಿಯಲು ರಟ್ಟಿನ ತುಂಡೇ ಬೇಕೆ? ಮಾಹಿತಿಗಾದರೆ ಬೇಡ. ಆದರೆ ಕಂಪ್ಯೂಟರಿನ ದಾಖಲೆಗೆ ಕಥೆಯ ಕೊನೆ ಗೊತ್ತು. ಅಲ್ಲಿ ಪೇಟ್ ಹೆಸರು ತೆರೆಯುವ ಮೊದಲೇ ಅವರ ಕಥೆ ಮುಗಿದಿರುತ್ತದೆ. ಒಟ್ಟು ಮೊತ್ತ ಕೆಳಗಿನ ಸಾಲಿನಲ್ಲಿ ಸಿದ್ಧವಾಗಿರುತ್ತದೆ. ಹಳೆಯ ಲೆಕ್ಕ ತಪ್ಪಿದ್ದರೆ ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಒಳ್ಳೆಯದೇ. ಕಾರ್ಡು ಮಾತ್ರ ತಿದ್ದಿಕೊಳ್ಳುವುದಿಲ್ಲ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಜನ ಏನನ್ನು ನಂಬಿದ್ದರು, ಯಾರ ಮೇಲೆ ಆಸೆ ಇಟ್ಟಿದ್ದರು ಎಂಬುದು ಅದರಲ್ಲಿ ಹಾಗೇ ನಿಂತಿದೆ. ಇತಿಹಾಸ ಬರೆಯುವವರಿಗೆ ನಡೆದದ್ದು ಎಷ್ಟು ಮುಖ್ಯವೋ, ನಡೆಯುತ್ತದೆಂದು ಜನ ನಂಬಿದ್ದೂ ಅಷ್ಟೇ ಮುಖ್ಯ. ಎರಡನೆಯದಕ್ಕೆ ಸಾಕ್ಷಿ ಸಿಗುವುದು ಯಾವಾಗಲೂ ಕಷ್ಟ.

ಎಕ್ಸ್‌ಪೋಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಹೊರಗಿನ ಮೊದಲ ಮೇಜರ್ ಲೀಗ್ ತಂಡವಾಗಿ. ಮಾಂಟ್ರಿಯಲ್‌ನಲ್ಲಿ ನಡೆದ 1967ರ ವಿಶ್ವ ಮೇಳದಿಂದ ಬಂದ ಹೆಸರು ಅದು. ಆ ವರ್ಷದ ಅವರ ಕಾರ್ಡುಗಳನ್ನು ನೋಡಿದರೆ ಬಹಳಷ್ಟು ಆಟಗಾರರ ತಲೆಯ ಮೇಲೆ ಟೋಪಿಯೇ ಇಲ್ಲ, ಇದ್ದರೂ ಲಾಂಛನ ಕಾಣದಂತೆ ಕಪ್ಪು ಬಳಿದಿದೆ. ಹೊಸ ತಂಡಕ್ಕೆ ಬೇರೆ ತಂಡಗಳಿಂದ ಆಯ್ದುಕೊಂಡ ಆಟಗಾರರು. ಹೊಸ ಅಂಗಿ ತೊಟ್ಟ ಫೋಟೊ ಇನ್ನೂ ತೆಗೆದಿರಲಿಲ್ಲ. ತಂಡವೊಂದು ಹುಟ್ಟುವಾಗ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಚಿತ್ರ ಇರಲಾರದು. ಹೆಸರಿದೆ, ಪಟ್ಟಿ ಇದೆ, ಅಂಗಿ ಮಾತ್ರ ಬಂದಿಲ್ಲ.

ಆ ತಂಡದ ಮೊದಲ ನಾಯಕಮಣಿ ರಸ್ಟಿ ಸ್ಟೌಬ್. ಕೆಂಗೂದಲಿನ ಆತನಿಗೆ ಫ್ರೆಂಚ್ ಮಾತಾಡುವ ಊರು ಪ್ರೀತಿಯಿಂದ ‘ಲ ಗ್ರಾಂಡ್ ಒರಾಂಜ್’ ಎಂಬ ಅಡ್ಡಹೆಸರಿಟ್ಟಿತ್ತು. 1972ರ ಮತ್ತು 1973ರ ಟಾಪ್ಸ್ ಸೆಟ್‌ಗಳಲ್ಲಿ ಆತನ ಕಾರ್ಡೇ ಇಲ್ಲ, ಕಂಪನಿಯ ಜತೆ ಒಪ್ಪಂದ ಆಗಿರಲಿಲ್ಲ. 1972ರ ಏಪ್ರಿಲ್‌ನಲ್ಲಿ ಎಕ್ಸ್‌ಪೋಸ್ ಆತನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟುಬಿಟ್ಟಿತು. 1974ರಲ್ಲಿ ಕಾರ್ಡು ಮರಳಿ ಬಂದಾಗ ಆತ ಮೆಟ್ಸ್‌ನವ. ಆಲ್ಬಮ್ ತಿರುವುತ್ತ ಹೋದರೆ ಊರಿನ ಕಣ್ಮಣಿ ಬೀಳ್ಕೊಡುಗೆಯಿಲ್ಲದೆ ಕಾಣೆಯಾಗುತ್ತಾನೆ. ಅಭಿಮಾನಿಗಳಿಗೂ ಆದದ್ದು ಅದೇ.

ಕೆನಡಾದಲ್ಲಿ ಈ ಕಾರ್ಡುಗಳು ಟಾಪ್ಸ್ ಹೆಸರಿನಲ್ಲಿ ಮಾರಾಟವಾಗುತ್ತಿರಲಿಲ್ಲ. ಒಂಟಾರಿಯೊದ ಲಂಡನ್ ಎಂಬ ಊರಿನ ಓ-ಪೀ-ಚೀ ಕಂಪನಿ ಟಾಪ್ಸ್ ಪರವಾನಗಿ ಪಡೆದು ತನ್ನದೇ ಹೆಸರಿನಲ್ಲಿ ಅಚ್ಚು ಹಾಕುತ್ತಿತ್ತು. 1970ರಿಂದ ಹಿಂಬದಿಯ ಬರಹ ಎರಡು ಭಾಷೆಗಳಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್. ಎರಡೂವರೆ ಇಂಚಿನ ರಟ್ಟಿನಲ್ಲಿ ಎರಡು ಭಾಷೆ ತುರುಕಬೇಕೆಂದರೆ ಅಕ್ಷರ ಇರುವೆಸಾಲಿನಷ್ಟು ಸಣ್ಣವು. ಊರಿನ ಹೆಸರು ಅಳಿಸಿದರೂ ಈ ಕಾರ್ಡು ಎಲ್ಲಿಯದೆಂದು ಹೇಳಬಹುದು. ನಮ್ಮಲ್ಲಿ ಬ್ಯಾಂಕಿನ ಫಾರಂ, ಮೆಟ್ರೊ ಫಲಕಗಳ ಭಾಷೆಗೆ ಹೋರಾಡುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಓ-ಪೀ-ಚೀ ಕಾರ್ಡುಗಳಲ್ಲಿ ನನಗೆ ಅದಕ್ಕಿಂತಲೂ ಪ್ರಿಯವಾದದ್ದು ಇನ್ನೊಂದಿದೆ. ಟಾಪ್ಸ್ ಅಚ್ಚಾಗಿ ಕೆಲವು ವಾರಗಳ ಮೇಲೆ ಇವು ಅಚ್ಚಾಗುತ್ತಿದ್ದವು. ಅಷ್ಟರಲ್ಲಿ ಯಾವನಾದರೂ ಆಟಗಾರ ತಂಡ ಬದಲಿಸಿದ್ದರೆ ಹೊಸ ಫೋಟೊ ತೆಗೆಯುವಷ್ಟು ಪುರುಸೊತ್ತು ಇರುತ್ತಿರಲಿಲ್ಲ. ಹಳೆಯ ಫೋಟೊವನ್ನೇ ಇಟ್ಟುಕೊಂಡು, ಅದರ ಮೇಲೊಂದು ಸಣ್ಣ ಸಾಲು ಸೇರಿಸುತ್ತಿದ್ದರು: ಈಗ ಇಂಥ ತಂಡದಲ್ಲಿದ್ದಾರೆ. ಹಳೆಯ ತಂಡದ ಅಂಗಿ ತೊಟ್ಟು ನಿಂತ ಆಟಗಾರ, ಆತನ ಪಕ್ಕದಲ್ಲೇ ಆತ ಇಲ್ಲಿಲ್ಲ ಎನ್ನುವ ಸಾಲು. ಟಾಪ್ಸ್‌ನವರು ಇಂಥಲ್ಲಿ ಕುಂಚ ಹಿಡಿದು ಟೋಪಿಗೆ ಬೇರೆ ಬಣ್ಣ ಬಳಿದುಬಿಡುತ್ತಿದ್ದರು. ಹಳೆಯ ಟೋಪಿಯ ಮೇಲೆ ಹೊಸ ಲಾಂಛನ ಬಿಡಿಸಿದ ಆ ಕಾರ್ಡುಗಳು ನಗು ತರಿಸುತ್ತವೆ. ಓ-ಪೀ-ಚೀ ಸುಳ್ಳು ಹೇಳಲಿಲ್ಲ. ಬಡ ಕಂಪನಿಯ ಅವಸರ ಅದನ್ನು ಸತ್ಯವಂತನನ್ನಾಗಿ ಮಾಡಿತು.

ಕಾರ್ಡು ಸುಳ್ಳು ಹೇಳುವುದಿಲ್ಲ ಎಂಬುದು ಹೇಗೂ ನನ್ನ ವಾದವಲ್ಲ. ಅದು ಚೆನ್ನಾಗಿಯೇ ಹೇಳುತ್ತದೆ. 1974ರಲ್ಲಿ ಸ್ಯಾನ್ ಡಿಯಾಗೊ ಪಾಡ್ರೆಸ್ ತಂಡ ವಾಷಿಂಗ್ಟನ್ ನಗರಕ್ಕೆ ಹೋಗುವುದು ಖಚಿತವೆಂದು ನಂಬಿದ ಟಾಪ್ಸ್, ವಿಲ್ಲಿ ಮೆಕೋವಿ ಸೇರಿದಂತೆ ಆ ತಂಡದ ಹಲವರ ಕಾರ್ಡುಗಳ ಮೇಲೆ ವಾಷಿಂಗ್ಟನ್ ಎಂದೇ ಅಚ್ಚು ಹಾಕಿತು. ಅಷ್ಟರಲ್ಲಿ ಮೆಕ್‌ಡೊನಾಲ್ಡ್ಸ್‌ನ ರೇ ಕ್ರಾಕ್ ತಂಡವನ್ನು ಕೊಂಡು ಸ್ಯಾನ್ ಡಿಯಾಗೊದಲ್ಲೇ ಉಳಿಸಿದರು. ಎಂದೂ ಇಲ್ಲದ ತಂಡದ ಕಾರ್ಡುಗಳು ಪೇಟೆಯಲ್ಲಿ ಓಡಾಡಿದವು. ಮೂವತ್ತು ವರ್ಷ ಕಳೆದು ಆ ವಾಷಿಂಗ್ಟನ್‌ಗೆ ತಂಡ ಸಿಕ್ಕಿತು. ಮಾಂಟ್ರಿಯಲ್‌ನ ತಂಡ.

ಇನ್ನೊಂದು ಸುಳ್ಳು, ಅಥವಾ ಮರೆಮಾಚಿಕೆ, 1989ರ ಫ್ಲೀರ್ ಕಂಪನಿಯದು. ಎಕ್ಸ್‌ಪೋಸ್‌ನ ಹೊಸ ಪಿಚರ್ ರ‍್ಯಾಂಡಿ ಜಾನ್ಸನ್, ಆರಡಿ ಹತ್ತಿಂಚಿನ ಆಳು, ಫೋಟೊದಲ್ಲಿ ನಿಂತಿದ್ದಾರೆ. ಹೆಗಲ ಹಿಂದೆ ದೂರದಲ್ಲಿ ಮಾರ್ಲ್‌ಬರೊ ಸಿಗರೇಟಿನ ಜಾಹೀರಾತು ಫಲಕ. ಮಕ್ಕಳು ಕೊಳ್ಳುವ ಕಾರ್ಡಿನಲ್ಲಿ ಸಿಗರೇಟೇ ಎಂದು ತಕರಾರು ಬಂದೀತೆಂದೋ ಏನೋ, ಕಂಪನಿ ಅಚ್ಚಿನ ನಡುವೆಯೇ ಅದನ್ನು ಅಳಿಸತೊಡಗಿತು. ಕೆಲವು ಪ್ರತಿಗಳಲ್ಲಿ ಫಲಕ ಢಾಳಾಗಿದೆ, ಕೆಲವುಗಳಲ್ಲಿ ಬಣ್ಣದ ಮಸುಕು ಕವಿದಿದೆ, ಕೊನೆಯವುಗಳಲ್ಲಿ ಕಪ್ಪು ಚೌಕ ಮಾತ್ರ. ಸಿಗರೇಟು ಮಾರಲೆಂದೇ ಹುಟ್ಟಿದ ವಸ್ತು ನೂರು ವರ್ಷದ ನಂತರ ಸಿಗರೇಟಿನ ಗುರುತನ್ನು ಮೈಯಿಂದ ಉಜ್ಜಿ ತೆಗೆಯಲು ಹೆಣಗಿದ ನೋಟ ಇದು. ಬೆಲೆಗಾರರು ಢಾಳಾಗಿರುವ ಪ್ರತಿಗಾಗಿ ಬಡಿದಾಡುತ್ತಾರೆ. ಆ ಮೇ ತಿಂಗಳಲ್ಲೇ ಎಕ್ಸ್‌ಪೋಸ್ ಜಾನ್ಸನ್‌ರನ್ನು ಸಿಯಾಟಲ್‌ಗೆ ಕೊಟ್ಟು ಮಾರ್ಕ್ ಲ್ಯಾಂಗ್‌ಸ್ಟನ್‌ರನ್ನು ತಂದಿತು. ಲ್ಯಾಂಗ್‌ಸ್ಟನ್ ಋತು ಮುಗಿದೊಡನೆ ಬೇರೆ ತಂಡಕ್ಕೆ ಹೊರಟರು. ಜಾನ್ಸನ್ ಹಾಲ್ ಆಫ್ ಫೇಮ್‌ಗೆ ಹೋದರು. ತಂಡ ಹಿಂಬಾಲಿಸುವವರ ಆಲ್ಬಮ್ಮಿನಲ್ಲಿ ಆ ಪುಟ ನೋಡಿದರೆ ಹೊಟ್ಟೆ ಉರಿಯಬೇಕು, ಫಲಕದ ಬಣ್ಣ ಯಾವುದಾದರೇನು.

ಹೊಟ್ಟೆ ಉರಿಸುವ ಪುಟಗಳೇನು ಒಂದೆರಡಲ್ಲ. ಸ್ಟೀವ್ ರಾಜರ್ಸ್ 1973ರಿಂದ 1985ರವರೆಗೆ ಎಕ್ಸ್‌ಪೋಸ್ ಬಿಟ್ಟು ಬೇರೆ ತಂಡಕ್ಕೆ ಆಡದ ಪಿಚರ್. ಆತನ ಕಾರ್ಡುಗಳನ್ನು ಸಾಲಾಗಿ ಇಟ್ಟರೆ ಹುಡುಗನೊಬ್ಬ ಮಧ್ಯವಯಸ್ಸಿಗೆ ಬರುವುದನ್ನು ಕಾಣಬಹುದು. 1981ರ ಅಕ್ಟೋಬರ್ 19, ಸೋಮವಾರ, ವಿಶ್ವ ಸರಣಿಗೆ ಒಂದೇ ಮೆಟ್ಟಿಲು ಬಾಕಿ. ಒಂಬತ್ತನೇ ಇನಿಂಗ್ಸ್‌ನಲ್ಲಿ ರಾಜರ್ಸ್ ಎಸೆದ ಚೆಂಡನ್ನು ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ರಿಕ್ ಮಂಡೆ ಬೇಲಿಯಾಚೆ ಕಳಿಸಿದರು. 2–1ರಿಂದ ಸೋಲು. ಎಕ್ಸ್‌ಪೋಸ್ ಮತ್ತೆಂದೂ ಪ್ಲೇಆಫ್ ತಲುಪಲಿಲ್ಲ. ಊರಿನವರು ಇಂದಿಗೂ ಆ ದಿನವನ್ನು ಕರಾಳ ಸೋಮವಾರದಂತೆ ನೆನೆಯುತ್ತಾರೆ. ಆದರೆ ಕಾರ್ಡಿನ ಹಿಂಬದಿಯ ಕೋಷ್ಟಕಕ್ಕೆ ಪ್ಲೇಆಫ್ ಲೆಕ್ಕ ಸೇರುವುದಿಲ್ಲ. 1982ರ ಕಾರ್ಡು ತಿರುವಿದರೆ ಆ ಹೋಮ್ ರನ್ನಿನ ಸುಳಿವೇ ಇಲ್ಲ. ಅದರ ಮರುವರ್ಷದ ಕಾರ್ಡಿನಲ್ಲಿ ಹೊಸ ಸಾಲೊಂದಿದೆ: 1982ರಲ್ಲಿ 19 ಗೆಲುವು, ಪಿಚರ್‌ಗಳ ರನ್ ಬಿಟ್ಟುಕೊಟ್ಟ ಸರಾಸರಿಯಲ್ಲಿ ಇಡೀ ನ್ಯಾಷನಲ್ ಲೀಗ್‌ಗೇ ಮೊದಲ ಸ್ಥಾನ. ಒಂದೇ ಎಸೆತದ ಹೆಸರಿನಲ್ಲಿ ಆತನನ್ನು ನೆನೆಯುವವರ ಕೈಗೆ ಈ ಕಾರ್ಡು ಕೊಡಬೇಕು. ಇದು ಬೆಲೆಬಾಳುವ ಕಾರ್ಡಲ್ಲ, ಹಾಗಾಗಿ ಸುಲಭವಾಗಿ ಸಿಗುತ್ತದೆ.

1994ರ ಕಥೆ ಬೇರೆ. ಆಗಸ್ಟ್ 12ರಂದು ಆಟಗಾರರ ಮುಷ್ಕರ ಶುರುವಾದಾಗ ಎಕ್ಸ್‌ಪೋಸ್ 74 ಗೆದ್ದು 40 ಸೋತಿತ್ತು. ಇಡೀ ಬೇಸ್‌ಬಾಲ್‌ನಲ್ಲೇ ಅದಕ್ಕಿಂತ ಒಳ್ಳೆಯ ದಾಖಲೆ ಯಾರದೂ ಇರಲಿಲ್ಲ. ಮೊಯಿಸೆಸ್ ಅಲೂ .339 ಸರಾಸರಿಯಲ್ಲಿ ಹೊಡೆಯುತ್ತಿದ್ದರು, ಕೆನ್ ಹಿಲ್ 16 ಪಂದ್ಯ ಗೆದ್ದಿದ್ದರು, ಲ್ಯಾರಿ ವಾಕರ್ ಇದ್ದರು, 22 ವರ್ಷದ ಪೆಡ್ರೊ ಮಾರ್ಟಿನೆಜ್ ಇದ್ದರು. ಋತು ಮತ್ತೆ ಶುರುವಾಗಲೇ ಇಲ್ಲ, ವಿಶ್ವ ಸರಣಿ ರದ್ದಾಯಿತು. 1995ರ ಏಪ್ರಿಲ್‌ನಲ್ಲಿ ಮುಷ್ಕರ ಮುಗಿದ ಕೆಲವೇ ದಿನಗಳಲ್ಲಿ ಹಿಲ್, ಜಾನ್ ವೆಟ್‌ಲ್ಯಾಂಡ್, ಮಾರ್ಕಿಸ್ ಗ್ರಿಸಮ್ ಮೂವರನ್ನೂ ತಂಡ ಮಾರಿಕೊಂಡಿತು. ವಾಕರ್‌ರನ್ನು ಉಳಿಸಿಕೊಳ್ಳಲು ಕೈಯನ್ನೇ ಎತ್ತಲಿಲ್ಲ. 

ಆ ವರ್ಷ ಟಾಪ್ಸ್ ಒಂದು ವಿಚಿತ್ರ ಕೆಲಸ ಮಾಡಿತು. ಮುಷ್ಕರವಾಗದಿದ್ದರೆ 1994ರ ಉಳಿದ ಪಂದ್ಯಗಳು ಹೇಗೆ ನಡೆಯುತ್ತಿದ್ದವು ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ, ಆ ಕಾಲ್ಪನಿಕ ಅಂಕಿಗಳನ್ನು ‘ಸೈಬರ್‌ಸ್ಟ್ಯಾಟ್ಸ್’ ಎಂಬ ಮಿರುಗುವ ಕಾರ್ಡುಗಳಲ್ಲಿ ಅಚ್ಚು ಹಾಕಿತು. ಒಂದೇ ಆಟಗಾರನ ಎರಡು ಕಾರ್ಡು: ಒಂದರ ಸಾಲು ಆಗಸ್ಟ್‌ಗೆ ತುಂಡಾದದ್ದು, ಇನ್ನೊಂದರದ್ದು ಯಂತ್ರ ಪೂರ್ತಿ ಮಾಡಿದ್ದು. ಎಕ್ಸ್‌ಪೋಸ್ ಆಲ್ಬಮ್ಮಿಗೆ ಎರಡೂ ಸೇರಬೇಕೇ? ಸೇರಬೇಕು ಎನ್ನುವೆ, ಆದರೆ ಅಕ್ಕಪಕ್ಕದಲ್ಲಿ. ಮಾಂಟ್ರಿಯಲ್‌ನಲ್ಲಿ ಆ ಋತುವಿನ ಬಗ್ಗೆ ಇಂದಿಗೂ ನಡೆಯುವ ಮಾತುಕತೆ ಸೈಬರ್‌ಸ್ಟ್ಯಾಟ್ಸ್ ಮಾದರಿಯದೇ. ಮುಷ್ಕರವಾಗದಿದ್ದರೆ ಗೆಲ್ಲುತ್ತಿದ್ದೆವು, ಗೆದ್ದಿದ್ದರೆ ಹೊಸ ಕ್ರೀಡಾಂಗಣ ಬರುತ್ತಿತ್ತು, ಬಂದಿದ್ದರೆ ತಂಡ ಉಳಿಯುತ್ತಿತ್ತು. ತುಂಡಾದ ಸಾಲಿನ ಕಾರ್ಡು ಈ ಸರಪಳಿಯ ಮೊದಲ ಕೊಂಡಿಯಲ್ಲೇ ತಡೆಯುತ್ತದೆ.

ಮುಷ್ಕರದ ಮಾತು ಬಂದಾಗ ಆಟಗಾರರನ್ನು ದೂರುವವರು ಕಾರ್ಡಿನ ಇನ್ನೊಂದು ಚರಿತ್ರೆಯನ್ನೂ ತಿಳಿದಿರಬೇಕು. ಟಾಪ್ಸ್ ಕಂಪನಿ ಕೆಳ ಲೀಗಿನ ಹುಡುಗರಿಂದ 5 ಡಾಲರ್ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿತ್ತು. ಮೇಜರ್ ಲೀಗ್ ತಲುಪಿದರೆ ವರ್ಷಕ್ಕೆ 125 ಡಾಲರ್, ಅಷ್ಟೇ. ಕಾರ್ಡು ಎಷ್ಟೇ ಮಾರಲಿ. 1966ರಲ್ಲಿ ಆಟಗಾರರ ಸಂಘದ ಮುಖ್ಯಸ್ಥರಾಗಿ ಬಂದ ಮಾರ್ವಿನ್ ಮಿಲ್ಲರ್ ಉಕ್ಕು ಕಾರ್ಮಿಕರ ಸಂಘದಲ್ಲಿ ಪಳಗಿದವರು. ಅವರ ಮಾತಿಗೆ ಆಟಗಾರರು ಫೋಟೊಗೆ ನಿಲ್ಲುವುದನ್ನೇ ನಿಲ್ಲಿಸಿದರು. 1968ರ ಕೊನೆಗೆ ಟಾಪ್ಸ್ ಮಣಿಯಿತು. ವಾರ್ಷಿಕ ಮೊತ್ತ ದುಪ್ಪಟ್ಟಾಗುವುದರ ಜತೆಗೆ ಮಾರಾಟದಲ್ಲಿ ಪಾಲೂ ಸಿಕ್ಕಿತು. 1969ರ ಎಕ್ಸ್‌ಪೋಸ್ ಕಾರ್ಡುಗಳಲ್ಲಿ ಟೋಪಿಯಿಲ್ಲದ ಹಳೆಯ ಫೋಟೊಗಳು ಅಷ್ಟೊಂದು ಇರುವುದಕ್ಕೆ ಈ ಜಗಳವೂ ಒಂದು ಕಾರಣ. ಒಗ್ಗಟ್ಟಾದರೆ ಏನು ಸಾಧ್ಯ ಎಂದು ಆಟಗಾರರು ಕಲಿತದ್ದು ರಟ್ಟಿನ ಕಾರ್ಡಿನ ಮೇಲಿನ ತಮ್ಮದೇ ಮುಖದ ವಿಚಾರದಲ್ಲಿ. ಏಳು ವರ್ಷ ಕಳೆದು, 1975ರ ಡಿಸೆಂಬರಿನಲ್ಲಿ, ಒಬ್ಬ ಆಟಗಾರನನ್ನು ಒಂದೇ ತಂಡಕ್ಕೆ ಜೀವಮಾನವಿಡೀ ಕಟ್ಟಿಹಾಕುತ್ತಿದ್ದ ನಿಯಮ ಮುರಿದುಬಿತ್ತು. ಆ ನಿಯಮವನ್ನು ಪ್ರಶ್ನಿಸಿದ ಇಬ್ಬರು ಆಟಗಾರರಲ್ಲಿ ಒಬ್ಬರು ಡೇವ್ ಮೆಕ್‌ನ್ಯಾಲಿ, ಆ ವರ್ಷ ಎಕ್ಸ್‌ಪೋಸ್ ಪರ ಕೆಲವೇ ವಾರ ಆಡಿ, ಸಾಕೆನಿಸಿ ಮೊಂಟಾನಾದ ಮನೆಗೆ ಹೊರಟುಹೋದವರು.

ಆ ಬಿಡುಗಡೆಯೇ ಎಕ್ಸ್‌ಪೋಸ್‌ನಂಥ ಸಣ್ಣ ಆದಾಯದ ತಂಡವನ್ನು ಕೊಂದಿತು ಎಂಬ ವಾದವಿದೆ. ನಾನದನ್ನು ಒಪ್ಪುವುದಿಲ್ಲ. ದುಡ್ಡು ಬಿಚ್ಚಲೊಲ್ಲದ ಮಾಲೀಕರ ಕೂಟ, ಆಮೇಲೆ ಬಂದು ತಂಡವನ್ನು ಲೀಗಿಗೇ ಮಾರಿ ಫ್ಲೋರಿಡಾದ ತಂಡ ಕೊಂಡ ಜೆಫ್ರಿ ಲೊರಿಯಾ, ಕೊನೆಗೆ ಎಕ್ಸ್‌ಪೋಸನ್ನು 2002ರಿಂದ ತಾನೇ ನಡೆಸಿದ ಮೇಜರ್ ಲೀಗ್, ಇವರೆಲ್ಲ ಆಟಗಾರರ ಸ್ವಾತಂತ್ರ್ಯದ ಮರೆಯಲ್ಲಿ ಅಡಗಿಕೊಳ್ಳಬಾರದು. 2001ರಲ್ಲಿ ಎರಡು ತಂಡ ಮುಚ್ಚಲು ಮಾಲೀಕರು ಮತ ಹಾಕಿದರು. ಅದರಲ್ಲೊಂದು ಎಕ್ಸ್‌ಪೋಸ್ ಎಂದು ಎಲ್ಲರಿಗೂ ಗೊತ್ತಿತ್ತು. ನಾಳೆಯೇ ಇಲ್ಲದ ತಂಡಕ್ಕೆ ನಾಳೆಯ ಆಟಗಾರರೇಕೆ? 2002ರ ಜೂನ್‌ನಲ್ಲಿ ಗ್ರೇಡಿ ಸೈಜ್‌ಮೋರ್, ಬ್ರ್ಯಾಂಡನ್ ಫಿಲಿಪ್ಸ್, ಕ್ಲಿಫ್ ಲೀ ಎಂಬ ಮೂವರು ಎಳೆಯರನ್ನು ಕೊಟ್ಟು ಬಾರ್ಟೊಲೊ ಕೊಲೋನ್ ಎಂಬ ಪಿಚರನ್ನು ತಂದರು. ಮೂವರೂ ಮುಂದೆ ಬೇರೆ ಊರುಗಳಲ್ಲಿ ಆಲ್-ಸ್ಟಾರ್‌ಗಳಾದರು. ಎಳೆಯ ಪ್ರತಿಭೆಗಳಿಗೇ ಹೆಸರಾದ ಬೌಮನ್ ಕಾರ್ಡುಗಳಲ್ಲಿ ಸೈಜ್‌ಮೋರ್ ಮತ್ತು ಫಿಲಿಪ್ಸ್ ಎಕ್ಸ್‌ಪೋಸ್ ಹುಡುಗರಾಗಿಯೇ ಉಳಿದಿದ್ದಾರೆ. ಮಾಂಟ್ರಿಯಲ್ ಮೈದಾನದಲ್ಲಿ ಅವರು ಎಕ್ಸ್‌ಪೋಸ್‌ಗಾಗಿ ಒಂದು ಪಂದ್ಯವನ್ನೂ ಆಡಲಿಲ್ಲ.

2003 ಮತ್ತು 2004ರಲ್ಲಿ ತಲಾ ಇಪ್ಪತ್ತಕ್ಕೂ ಹೆಚ್ಚು ‘ತವರು’ ಪಂದ್ಯಗಳನ್ನು ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ ಆಡಿಸಿದರು. 2004ರ ಸೆಪ್ಟೆಂಬರ್ 29ರಂದು ಮಾಂಟ್ರಿಯಲ್‌ನ ಕೊನೆಯ ಪಂದ್ಯ. 9–1ರಿಂದ ಸೋಲು, 31,395 ಪ್ರೇಕ್ಷಕರು. ತಂಡ ಗಂಟುಮೂಟೆ ಕಟ್ಟಿತು.

ಈಗ ಕಠಿಣ ಪ್ರಶ್ನೆ. ಆಲ್ಬಮ್ಮನ್ನು ಎಲ್ಲಿ ನಿಲ್ಲಿಸುವುದು? ಅಧಿಕೃತ ದಾಖಲೆಯ ಪ್ರಕಾರ ಎಕ್ಸ್‌ಪೋಸ್ ಸತ್ತಿಲ್ಲ, ವಾಷಿಂಗ್ಟನ್ ನ್ಯಾಷನಲ್ಸ್ ಎಂಬ ಹೆಸರಿನಲ್ಲಿ ಆಡುತ್ತಿದೆ, 2019ರ ವಿಶ್ವ ಸರಣಿಯನ್ನೂ ಗೆದ್ದಿದೆ. ರೇನ್ಸ್ ಕದ್ದ ಬೇಸುಗಳೂ ರಾಜರ್ಸ್ ಗೆದ್ದ ಪಂದ್ಯಗಳೂ ಈಗ ವಾಷಿಂಗ್ಟನ್ ಖಾತೆಯಲ್ಲಿವೆ. ಆದರೆ ಕಾರ್ಟರ್, ಡಾಸನ್, ರೇನ್ಸ್ ಗೌರವಾರ್ಥ ಮಾಂಟ್ರಿಯಲ್ ತೆಗೆದಿಟ್ಟಿದ್ದ 8, 10, 30ರ ಅಂಗಿಗಳನ್ನು ವಾಷಿಂಗ್ಟನ್ ತಂಡ ಹೊಸ ಆಟಗಾರರಿಗೆ ಹಂಚಿತು. ಆ ಸಂಖ್ಯೆಗಳ ಬ್ಯಾನರ್ ಮೇಲೇರಿದ್ದು 2005ರ ಅಕ್ಟೋಬರ್‌ನಲ್ಲಿ, ಮಾಂಟ್ರಿಯಲ್‌ನ ಐಸ್ ಹಾಕಿ ಅಂಗಣದಲ್ಲಿ. ಬೇರೆ ಆಟದವರು ಊರಿನ ನೆನಪನ್ನು ಎತ್ತಿ ಕಟ್ಟಿದರು.

ತಂಡವೆಂದರೆ ಮಾಲೀಕತ್ವದ ಕಾಗದವೇ ಆಗಿದ್ದರೆ ನ್ಯಾಷನಲ್ಸ್ ಕಾರ್ಡುಗಳು ಇದೇ ಆಲ್ಬಮ್ಮಿನ ಮುಂದಿನ ಪುಟಗಳು. ತಂಡವೆಂದರೆ ಆಟಗಾರರೇ ಆಗಿದ್ದರೆ ಪೆಡ್ರೊ ಮಾರ್ಟಿನೆಜ್ ಬಾಸ್ಟನ್‌ಗೆ ಹೋದಾಗ ಆಲ್ಬಮ್ಮೂ ಅಲ್ಲಿಗೆ ಹೋಗಬೇಕಿತ್ತು. ಕೆ.ಎಲ್. ರಾಹುಲ್ ಅವರನ್ನು ಬೆಂಗಳೂರು, ಹೈದರಾಬಾದ್, ಪಂಜಾಬ್, ಲಖನೌ, ದೆಹಲಿಗಳ ಅಂಗಿಯಲ್ಲಿ ಕಂಡ ನಮ್ಮವರಿಗೆ ಈ ತೊಡಕು ಹೊಸತಲ್ಲ. ಐಪಿಎಲ್ ಅಭಿಮಾನಿ ಹರಾಜಿನ ಮರುದಿನ ನಿನ್ನೆಯ ಎದುರಾಳಿಗೆ ಜೈಕಾರ ಹಾಕಲು ಕಲಿತಿದ್ದಾನೆ. ಎಕ್ಸ್‌ಪೋಸ್ ಕಾರ್ಡು ಕೂಡಿಸುವವರಲ್ಲಿ ಬಹಳ ಮಂದಿ 2004ಕ್ಕೆ ಗೆರೆ ಎಳೆದಿದ್ದಾರೆ. ಅವರು ಹೇಳದೆಯೇ ಒಂದು ನಿಲುವು ತೆಗೆದುಕೊಂಡಿದ್ದಾರೆ: ತಂಡವೆಂದರೆ ಒಂದು ಊರು ಒಂದಿಷ್ಟು ಜನರ ಮೇಲೆ ಇಷ್ಟಿಷ್ಟು ವರ್ಷ ಇಟ್ಟ ನಿರೀಕ್ಷೆ. ನಿರೀಕ್ಷೆ ಮುಗಿದಲ್ಲಿ ಆಲ್ಬಮ್ ಮುಗಿಯಬೇಕು. ಲೀಗಿನ ದಾಖಲೆಗಿಂತ ಈ ನಿಲುವು ಸರಿಯೆಂದು ನನಗನ್ನಿಸುತ್ತದೆ. ಕಂಪನಿಯ ಸರಕನ್ನೇ ಕೊಂಡು ಕಂಪನಿಯ ಲೆಕ್ಕವನ್ನು ನಿರಾಕರಿಸುವ ಕೆಲಸ ಇದು. ನಿಷ್ಠೆಯನ್ನು ಪೊಟ್ಟಣದಲ್ಲಿ ಮಾರಲಾಗುತ್ತಿದೆ ಎಂದು ಹೀಗಳೆಯುವವರು ಈ ತುದಿಯನ್ನು ಗಮನಿಸಿಲ್ಲ.

ಗೆರೆ ಎಳೆದರೂ ಕಂಪನಿಗಳು ಬಿಡಬೇಕಲ್ಲ. ಎಕ್ಸ್‌ಪೋಸ್ ಅಂಗಿಗೆ ಹಳೆಯ ನೆನಪಿನ ಬೆಲೆ ಬಂದ ಮೇಲೆ ಕಾರ್ಟರ್, ಡಾಸನ್, ಪೆಡ್ರೊ ಮತ್ತೆ ಮತ್ತೆ ಹೊಸ ಸೆಟ್‌ಗಳಲ್ಲಿ ಅದೇ ಅಂಗಿಯಲ್ಲಿ ಮರಳುತ್ತಿದ್ದಾರೆ. ಇದರ ಶಿಖರ 2023ರ ಬೌಮನ್ ಡ್ರಾಫ್ಟ್ ಸೆಟ್‌ನಲ್ಲಿ ಬಂದ ಟಾಮ್ ಬ್ರೇಡಿ ಕಾರ್ಡು. ಅಮೆರಿಕನ್ ಫುಟ್‌ಬಾಲ್‌ನ ಈ ಮಹಾತಾರೆಯನ್ನು 1995ರಲ್ಲಿ, ಹೈಸ್ಕೂಲು ಮುಗಿಸಿದ ಕ್ಯಾಚರ್ ಆಗಿದ್ದಾಗ, ಎಕ್ಸ್‌ಪೋಸ್ 18ನೇ ಸುತ್ತಿನಲ್ಲಿ ಆಯ್ದಿತ್ತು. ಬ್ರೇಡಿ ಒಪ್ಪದೆ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1995ರಲ್ಲೇ ಅಚ್ಚಾಗಿದ್ದರೆ ಅದು ನೂರಾರು ಹುಡುಗರ ನಡುವೆ ಇನ್ನೊಬ್ಬ ಹುಡುಗನ ಕಾರ್ಡಾಗಿ, ಪೇಟ್, ರಾಮೋಸ್ ಜತೆಗೆ ಕಿಸೆ ಹಂಚಿಕೊಳ್ಳುತ್ತಿತ್ತು. ಅಚ್ಚಾದದ್ದು ಕಥೆಯೆಲ್ಲ ಗೊತ್ತಾದ ಮೇಲೆ, ಏಳು ಸೂಪರ್ ಬೌಲ್‌ಗಳ ನಂತರ. ಬ್ರೇಡಿ ಕಾರ್ಡನ್ನು ಯಾರಾದರೂ ನನಗೆ ಕೊಟ್ಟರೆ ಮಾರಿ, ಆ ದುಡ್ಡಿನಲ್ಲಿ 1970ರ ದಶಕದ ಒಂದು ಪೆಟ್ಟಿಗೆ ಓ-ಪೀ-ಚೀ ಕಾಮನ್‌ಗಳನ್ನು ಕೊಳ್ಳುತ್ತೇನೆ.